ಎಐ ಇಸಿಜಿ: ಮೊದಲು ತಂತಿ, ಜೆಲ್, ಫಿಲ್ಟರ್ ಸರಿಯಾಗಲಿ

ಮಾನ್ಯ ಸಂಪಾದಕರೇ,

ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯೇ ಓದಿ, ಹೃದಯಾಘಾತ ಹೌದೋ ಅಲ್ಲವೋ ಎಂದು ಕೆಲವೇ ನಿಮಿಷಗಳಲ್ಲಿ ಹೇಳುವ ವ್ಯವಸ್ಥೆಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ವರದಿ ಬರುತ್ತಿದೆ. ನಮ್ಮ ರಾಜ್ಯದಲ್ಲೂ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ದೊಡ್ಡ ಹೃದ್ರೋಗ ಕೇಂದ್ರಗಳಿಗೆ ಜೋಡಿಸಿದೆ; ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲಿ ಉಚಿತ. ಇಂಥದ್ದು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಐ ಯಂತ್ರಗಳ ಸುದ್ದಿ ಹೆಚ್ಚಾಗಿ ‘ಶೇ 95ಕ್ಕೂ ಹೆಚ್ಚು ನಿಖರ’ ಎಂಬ ಒಂದೇ ಅಂಕಿಯಲ್ಲಿ ಮುಗಿದುಹೋಗುತ್ತದೆ. ಯಾರ ಇಸಿಜಿ ಮೇಲೆ, ಯಾವ ಯಂತ್ರದಲ್ಲಿ, ಯಾರು ತಂತಿ ಜೋಡಿಸಿ ತೆಗೆದ ದಾಖಲೆಯ ಮೇಲೆ ಆ ಅಂಕಿ ಬಂತು ಎಂದು ಯಾರೂ ಕೇಳುವುದಿಲ್ಲ, ಮಾರುವವರು ತಾವಾಗಿ ಹೇಳುವುದೂ ಇಲ್ಲ. ಕೊಳ್ಳುವವರು, ಬಳಸುವವರು ಕೇಳಲೇಬೇಕಾದ ಕೆಲವು ಸಂಗತಿಗಳನ್ನು ಬಯೋಮೆಡಿಕಲ್ ಎಂಜಿನಿಯರಿಂಗ್ ಕೆಲಸದವರಾದ ನಾವು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಅಳತೆಯ ಮಾತು. ಚರ್ಮದ ಮೇಲೆ ಸಿಗುವ ಹೃದಯದ ವಿದ್ಯುತ್ ಸಂಕೇತ 1 ಮಿಲಿವೋಲ್ಟ್ ಆಸುಪಾಸಿನದು. ಕಾಗದದ ಮೇಲೆ ಅದು 10 ಮಿ.ಮೀ. ಎತ್ತರ, ಅಂದರೆ ಒಂದು ಸಣ್ಣ ಚೌಕಕ್ಕೆ 0.1 ಮಿಲಿವೋಲ್ಟ್. ತುರ್ತಾಗಿ ಇಂಜೆಕ್ಷನ್ ಕೊಡಬೇಕಾದ ಬಗೆಯ ಹೃದಯಾಘಾತವನ್ನು ಗುರುತಿಸುವುದು ಎಸ್‌ಟಿ ಭಾಗ (ಬಡಿತದ ಚೂಪು ಅಲೆ ಮುಗಿದೊಡನೆ ಬರುವ ಗೆರೆಯ ತುಣುಕು) ಎಷ್ಟು ಮೇಲೆದ್ದಿದೆ ಎಂಬುದರಿಂದ. ಲೀಡ್ ಎಂದರೆ ಹೃದಯವನ್ನು ಒಂದೊಂದು ಕೋನದಿಂದ ನೋಡಿದ ಗೆರೆ, ಒಂದು ಇಸಿಜಿಯಲ್ಲಿ ಹನ್ನೆರಡು. ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ 1 ಮಿ.ಮೀ. ಎದ್ದಿದ್ದರೆ ಸಾಕು. ಎದೆಯ ಮೇಲಿನ ಆರು ಲೀಡ್ (ವಿ1ರಿಂದ ವಿ6) ಪೈಕಿ ವಿ2, ವಿ3ರಲ್ಲಿ ಮಾತ್ರ ಮಿತಿ ಬೇರೆ: ಹೆಂಗಸರಿಗೆ 1.5, 40 ದಾಟಿದ ಗಂಡಸರಿಗೆ 2, ಅದಕ್ಕಿಂತ ಚಿಕ್ಕ ವಯಸ್ಸಿನ ಗಂಡಸರಿಗೆ 2.5 ಮಿ.ಮೀ. ಒಟ್ಟಿನಲ್ಲಿ ಜೀವ ಉಳಿಸುವ ನಿರ್ಧಾರ ನಿಂತಿರುವುದು ಒಂದೆರಡು ಸಣ್ಣ ಚೌಕಗಳ ಮೇಲೆ. ಅಷ್ಟೇ ಪ್ರಮಾಣದ ತಪ್ಪನ್ನು ತಂತಿ, ಜೆಲ್, ಫಿಲ್ಟರ್, ಮೊಬೈಲ್ ಫೋಟೊ ಇವುಗಳಲ್ಲಿ ಯಾವುದು ಬೇಕಾದರೂ ತಂದಿಡಬಲ್ಲದು. ಆಮೇಲೆ ಎಷ್ಟೇ ಬುದ್ಧಿವಂತ ಸಾಫ್ಟ್‌ವೇರ್ ಬಂದರೂ ಅದು ಓದುವುದು ಆ ತಪ್ಪನ್ನೇ.

ಎಲೆಕ್ಟ್ರೋಡ್‌ನಿಂದ, ಅಂದರೆ ಚರ್ಮಕ್ಕೆ ತಾಗಿಸುವ ತಂತಿಯ ತುದಿಯಿಂದ, ಶುರು ಮಾಡೋಣ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಬಣ್ಣದ ಕ್ರಮದಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಗಡಿಬಿಡಿಯಲ್ಲಿ ಕೆಂಪು ಹಳದಿ ಅದಲುಬದಲಾದರೆ ಲೀಡ್ 1 ತಲೆಕೆಳಗಾಗುತ್ತದೆ, ಸಾಮಾನ್ಯವಾಗಿ ಕೆಳಮುಖವಾಗಿರುವ ಎವಿಆರ್ ಎಂಬ ಲೀಡ್ ನೆಟ್ಟಗೆ ನಿಲ್ಲುತ್ತದೆ. ಇದನ್ನು ಬಲಭಾಗದಲ್ಲಿ ಹೃದಯವಿರುವವರ ಇಸಿಜಿ ಎಂದು ತಿಳಿಯುವುದೂ ಉಂಟು; ಎದೆಯ ಲೀಡ್‌ಗಳಲ್ಲಿ ಆರ್ ಅಲೆ (ಬಡಿತದ ಮೇಲ್ಮುಖ ಚೂಪು) ವಿ1ರಿಂದ ವಿ4ರವರೆಗೆ ಎಂದಿನಂತೆ ಬೆಳೆಯುತ್ತಿದ್ದರೆ ತಪ್ಪು ತಂತಿಯದೇ. ಬಲಗೈ ತಂತಿ ಬಲಗಾಲಿಗೆ, ಬಲಗಾಲಿನದು ಬಲಗೈಗೆ ಹೋದರೆ ಲೀಡ್ 2 ಬಹುತೇಕ ಚಪ್ಪಟೆ ಗೆರೆಯಾಗುತ್ತದೆ. ಏಕೆಂದರೆ ಎರಡು ಕಾಲುಗಳ ನಡುವೆ ವೋಲ್ಟೇಜ್ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಲೀಡ್‌ಗಳಲ್ಲಿ ಹೃದಯ ಹೊಡೆದುಕೊಳ್ಳುತ್ತಿರುವಾಗ ಒಂದೇ ಲೀಡ್ ಮಲಗಿದ್ದರೆ ಅದು ರೋಗವಲ್ಲ, ಕ್ಲಿಪ್ಪು. ಈ ಎರಡು ಅದಲುಬದಲನ್ನೂ ಹಿಡಿಯಲು ಆಳವಾದ ನರಜಾಲದಂಥ (ಡೀಪ್ ನ್ಯೂರಲ್ ನೆಟ್‌ವರ್ಕ್) ಎಐ ಏನೂ ಬೇಡ, ನಾಲ್ಕು ಸಾಲಿನ ಪ್ರೋಗ್ರಾಂ ಸಾಕು. ಹಾಗಿದ್ದೂ ಎಷ್ಟೋ ಯಂತ್ರಗಳು ‘ತಂತಿ ನೋಡಿ’ ಎನ್ನದೆ ನೇರವಾಗಿ ರೋಗದ ಹೆಸರು ಮುದ್ರಿಸಿಬಿಡುತ್ತವೆ.

ಎದೆಯ ಆರು ಎಲೆಕ್ಟ್ರೋಡ್‌ಗಳದ್ದು ಇನ್ನೂ ಸೂಕ್ಷ್ಮ. ವಿ1, ವಿ2 ಇರಬೇಕಾದ್ದು ಎದೆಮೂಳೆಯ ಬಲ ಎಡ ಅಂಚುಗಳಲ್ಲಿ, ನಾಲ್ಕನೆಯ ಪಕ್ಕೆಲುಬು ಸಂದಿನಲ್ಲಿ. ಗಂಟಲ ಕೆಳಗಿನ ಗುಂಡಿಯಿಂದ ಬೆರಳು ಜಾರಿಸುತ್ತ ಬಂದರೆ ಎದೆಮೂಳೆಯ ಮೇಲೆ ಅಡ್ಡಲಾಗಿ ಒಂದು ಉಬ್ಬು ಸಿಗುತ್ತದೆ. ಅದಕ್ಕೆ ಹೊಂದಿಕೊಂಡಿರುವುದು ಎರಡನೆಯ ಪಕ್ಕೆಲುಬು, ಅದರ ಕೆಳಗಿನದು ಎರಡನೆಯ ಸಂದು, ಅಲ್ಲಿಂದ ಎರಡು ಸಂದು ಕೆಳಗಿಳಿದರೆ ನಾಲ್ಕನೆಯದು. ಎಣಿಸದೆ ಅಂದಾಜಿನಲ್ಲಿ ಇಟ್ಟವರು ಸಾಮಾನ್ಯವಾಗಿ ಒಂದೋ ಎರಡೋ ಸಂದು ಮೇಲೆಯೇ ಇಡುತ್ತಾರೆ. ಆಗ ವಿ1, ವಿ2ರಲ್ಲಿ ಆರ್ ಅಲೆ ಕುಗ್ಗಿ ಹಳೆಯ ಹೃದಯಾಘಾತದಂತೆ ಕಾಣಬಹುದು, ಇಲ್ಲವೆ ಕೊನೆಯಲ್ಲಿ ಇನ್ನೊಂದು ಚಿಕ್ಕ ಆರ್ ಎದ್ದು ಹೃದಯದ ವಿದ್ಯುತ್ ಹಾದಿಯ ಬಲ ಕವಲಿನ ತಡೆಯಂತೆ ತೋರಬಹುದು. ವಿ1ರಲ್ಲಿ ಪಿ ಅಲೆ (ಬಡಿತದ ಮೊದಲ ಚಿಕ್ಕ ಅಲೆ) ಪೂರ್ತಿ ಕೆಳಮುಖವಾಗಿದ್ದರೆ ಎಲೆಕ್ಟ್ರೋಡ್ ಮೇಲೆ ಹೋಗಿದೆಯೆಂಬ ಗುಮಾನಿ ಬರಬೇಕು. ವಿ4 ಐದನೆಯ ಸಂದಿನಲ್ಲಿ, ಕೊರಳೆಲುಬಿನ ಮಧ್ಯದಿಂದ ಇಳಿಸಿದ ಗೆರೆಯ ಮೇಲೆ. ವಿ3 ಅದಕ್ಕೂ ವಿ2ಕ್ಕೂ ನಡುವೆ. ವಿ5, ವಿ6 ವಿ4ರ ಮಟ್ಟದಲ್ಲೇ ಕಂಕುಳ ಕಡೆಗೆ, ಸಂದಿನ ಓರೆಯನ್ನು ಹಿಂಬಾಲಿಸದೆ ನೇರ ಅಡ್ಡಗೆರೆಯಲ್ಲಿ.

ಹೆಂಗಸರ ವಿಷಯದಲ್ಲಿ ಇದು ಅರ್ಧಕ್ಕರ್ಧ ಸಂಕೋಚದ ಪ್ರಶ್ನೆ. ರವಿಕೆ ತೆಗೆಸಲು ಹಿಂಜರಿದು ಬಟ್ಟೆಯ ಅಂಚಿನಲ್ಲಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಎಲೆಕ್ಟ್ರೋಡಿನ ರಬ್ಬರ್ ಬಲ್ಬ್ ಒತ್ತಿದರೆ ವಿ3ರಿಂದ ವಿ5ರವರೆಗೆ ಎಲ್ಲವೂ ಜಾಗ ತಪ್ಪುತ್ತವೆ. ಒಂದು ಪರದೆ, ಪಾಳಿಗೊಬ್ಬ ಮಹಿಳಾ ಸಿಬ್ಬಂದಿ, ಹೊದಿಸಲು ಒಂದು ಬಟ್ಟೆ ಇದ್ದರೆ ತಾಯಂದಿರ ಇಸಿಜಿ ಸುಧಾರಿಸುತ್ತದೆ. ಎಐ ಟೆಂಡರಿನಲ್ಲಿ ಪರದೆಯ ಬಟ್ಟೆಗೆ ಕಾಲಂ ಇರುವುದಿಲ್ಲ ಎಂಬುದು ನಮ್ಮ ತಕರಾರು.

ಜೆಲ್ ಬಗ್ಗೆಯೂ ಹೇಳಬೇಕು. ರಬ್ಬರ್ ಬಲ್ಬ್ ಇಟ್ಟು ತೆಗೆಯುವ ಕಡೆ, ಕೈಗೆ ಸಿಕ್ಕಿದ ಅಲ್ಟ್ರಾಸೌಂಡ್ ಜೆಲ್ಲನ್ನೇ ಇಸಿಜಿಗೂ ಬಳಸುವುದು ರೂಢಿ. ಅದು ಶಬ್ದತರಂಗಕ್ಕೆಂದು ಮಾಡಿದ್ದು, ಲವಣಾಂಶ ಕಡಿಮೆ; ಇಸಿಜಿ ಜೆಲ್‌ನಷ್ಟು ಚೆನ್ನಾಗಿ ವಿದ್ಯುತ್ ಹಾಯಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಬೇಗ ಆಗಲೆಂದು ವಿ1ರಿಂದ ವಿ6ರವರೆಗೆ ಒಂದೇ ಪಟ್ಟಿಯಾಗಿ ಜೆಲ್ ಬಳಿಯುವುದು. ಆರು ಎಲೆಕ್ಟ್ರೋಡ್‌ಗಳೂ ಒಂದಕ್ಕೊಂದು ಶಾರ್ಟ್ ಆದಂತಾಗಿ ಆರೂ ಲೀಡ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಚಿತ್ರ ಬರುತ್ತದೆ. ವಿ2, ವಿ3ರಲ್ಲಿ ಎದ್ದಿದ್ದ ಎಸ್‌ಟಿ ಆ ಸರಾಸರಿಯಲ್ಲಿ ಕರಗಿಹೋಗಬಹುದು. ಬಲ್ಬಿನ ಲೋಹದ ಬಟ್ಟಲಿಗೆ ಹಸಿರು ಕಿಲುಬು ಹಿಡಿದಿದ್ದರೆ ಉಜ್ಜಿ ತೊಳೆಯಬೇಕು, ಹೋಗದಿದ್ದರೆ ಎಸೆಯಬೇಕು. ಬೆವರಿದ ಎದೆಯನ್ನು ಒರೆಸಿ, ಕೂದಲು ದಟ್ಟವಾಗಿದ್ದಲ್ಲಿ ಅಷ್ಟಗಲ ಬೋಳಿಸಿ, ಗಾಜ್‌ನಿಂದ ಮೆಲ್ಲಗೆ ಉಜ್ಜಿದರೆ ಚರ್ಮದ ಪ್ರತಿರೋಧ ಚೆನ್ನಾಗಿ ಇಳಿಯುತ್ತದೆ. ಎದೆನೋವಿನ ರೋಗಿ ಸಾಮಾನ್ಯವಾಗಿ ಬೆವರಿಕೊಂಡೇ ಬರುತ್ತಾನೆ. ಒಣ ಚರ್ಮದ ಪಾಠ ಕಲಿತವರಿಗೆ ಇದು ಹೊಳೆಯುವುದಿಲ್ಲ.

ಇನ್ನು ಗೆರೆ ಪೂರ್ತಿ ಗರಗಸದ ಹಲ್ಲಿನಂತೆ ಬರುವ ಕಾಯಿಲೆ. ಅದು ಹೆಚ್ಚಾಗಿ ಗೋಡೆಯೊಳಗಿನ ವಿದ್ಯುತ್ತಿನ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲದ ಏರಿಳಿತ. ಯಂತ್ರದ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಮ್ಮೆ ತೆಗೆದು ನೋಡಿ. ಗದ್ದಲ ನಿಂತರೆ ಅರ್ತಿಂಗ್ ಸರಿಯಿಲ್ಲ, ಅಥವಾ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದಾರೆ. ನಿಲ್ಲದಿದ್ದರೆ ಬಲಗಾಲಿನ ಕಪ್ಪು ತಂತಿ ಪರೀಕ್ಷಿಸಿ. ಅದನ್ನು ‘ಸುಮ್ಮನೆ ಅರ್ತ್’ ಎಂದುಕೊಂಡವರು ಬಹಳ. ನಿಜಕ್ಕೂ ಮೈಯೆಲ್ಲ ಸಮನಾಗಿ ಹರಡಿರುವ ಗದ್ದಲವನ್ನು ಅಳೆದು, ತಿರುಗುಮುರುಗು ಮಾಡಿ ಮೈಗೇ ವಾಪಸು ಕೊಟ್ಟು ಅಳಿಸುವ ಸರ್ಕ್ಯೂಟಿನ ತುದಿ ಅದು. ಆ ಒಂದು ತಂತಿ ಒಳಗೇ ತುಂಡಾಗಿದ್ದರೆ ಹನ್ನೆರಡು ಲೀಡೂ ಕೆಡುತ್ತವೆ.

ಗದ್ದಲ ಕಂಡೊಡನೆ ಎಲ್ಲರ ಕೈ ಹೋಗುವುದು ಫಿಲ್ಟರ್ ಗುಂಡಿಗೆ. ಇಲ್ಲೇ ದೊಡ್ಡ ಅನಾಹುತ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ರೋಗ ಪತ್ತೆಗೆ ತೆಗೆಯುವ ಇಸಿಜಿಯಲ್ಲಿ ಫಿಲ್ಟರ್ ಒಳಬಿಡುವ ಆವರ್ತನದ ಕೆಳಗಿನ ಮಿತಿ 0.05 ಹರ್ಟ್ಜ್, ಮೇಲಿನ ಮಿತಿ ದೊಡ್ಡವರಿಗೆ 150 ಹರ್ಟ್ಜ್ ಇರಬೇಕೆಂದು ಅಮೆರಿಕದ ಹೃದ್ರೋಗ ಸಂಘಗಳು 2007ರಲ್ಲಿ ಮಾಡಿದ ಶಿಫಾರಸು ಈಗಲೂ ಆಧಾರ. ಐಸಿಯು ಮಾನಿಟರುಗಳಲ್ಲಿ ಮಾತ್ರ ಗೆರೆ ಓಲಾಡದೆ ನೆಟ್ಟಗಿರಲೆಂದು 0.5ರಿಂದ 40 ಹರ್ಟ್ಜ್ ಇಟ್ಟಿರುತ್ತಾರೆ. ಈ ಮಾನಿಟರ್ ಸೆಟ್ಟಿಂಗಿನಲ್ಲಿ ತೆಗೆದ ಗೆರೆ ನೋಡಲು ಚೆಂದ. ಆದರೆ ಲೆಕ್ಕ ಹಾಕಿ ನೋಡಿ. 0.5 ಹರ್ಟ್ಜ್‌ನ ಸರಳ ಫಿಲ್ಟರಿನ ಕಾಲಸ್ಥಿರಾಂಕ, ಅಂದರೆ ಜಾರಿದ ಗೆರೆ ಎಷ್ಟು ಬೇಗ ಮರಳುತ್ತದೆ ಎಂಬುದರ ಅಳತೆ, 0.32 ಸೆಕೆಂಡ್, 0.05 ಹರ್ಟ್ಜ್‌ನದು 3.2 ಸೆಕೆಂಡ್. ಇಂಥ ಫಿಲ್ಟರಿನ ಮೂಲಕ ಕ್ಯೂಆರ್‌ಎಸ್ (ಬಡಿತದ ಚೂಪು ಅಲೆಗಳ ಗುಂಪು) ಹಾದುಹೋದ ಮೇಲೆ ಗೆರೆ ವಿರುದ್ಧ ದಿಕ್ಕಿಗೆ ಜಾರಿ, ಆ ಕಾಲಸ್ಥಿರಾಂಕದ ಲಯದಲ್ಲಿ ಮೆಲ್ಲಗೆ ಮರಳುತ್ತದೆ. ಎಷ್ಟು ಜಾರುತ್ತದೆ ಎಂಬುದು ಅಲೆಯ ವಿಸ್ತೀರ್ಣವನ್ನು ಕಾಲಸ್ಥಿರಾಂಕದಿಂದ ಭಾಗಿಸಿದಷ್ಟು. 1 ಮಿಲಿವೋಲ್ಟ್ ಎತ್ತರ, 80 ಮಿಲಿಸೆಕೆಂಡ್ ಅಗಲದ ತ್ರಿಕೋನಾಕಾರದ ಆರ್ ಅಲೆ ತೆಗೆದುಕೊಂಡರೆ 0.04ನ್ನು 0.32ರಿಂದ ಭಾಗಿಸಿದಾಗ ಸಿಗುವುದು 0.125 ಮಿಲಿವೋಲ್ಟ್. ಕಾಗದದ ಮೇಲೆ 1.25 ಮಿ.ಮೀ. ಎಸ್‌ಟಿ ಇರುವುದು ಸರಿಯಾಗಿ ಆ ಜಾಗದಲ್ಲೇ! ವಿ2, ವಿ3ರಲ್ಲಿ ಅಲೆ ಕೆಳಮುಖ. ಅಲ್ಲಿ 2 ಮಿಲಿವೋಲ್ಟ್ ಆಳದ ಎಸ್ ಅಲೆ ಇದ್ದವರಿಗೆ, ರಕ್ತದೊತ್ತಡದಿಂದ ಹೃದಯ ದಪ್ಪವಾದವರಲ್ಲಿ ಇದು ಸಾಮಾನ್ಯ, ಇದೇ ಫಿಲ್ಟರ್ ಎಸ್‌ಟಿಯನ್ನು 2.5 ಮಿ.ಮೀ. ಮೇಲಕ್ಕೆತ್ತಿ ತೋರಿಸುತ್ತದೆ. ಹೃದಯಾಘಾತವೇ ಇಲ್ಲದವರಿಗೆ ಯಂತ್ರದ ಗುಂಡಿಯೊಂದು ಹೃದಯಾಘಾತ ತಂದಿತು. 0.05 ಹರ್ಟ್ಜ್‌ನಲ್ಲಿ ಈ ದೋಷ ಹತ್ತನೇ ಒಂದು ಪಾಲು, ಕಣ್ಣಿಗೆ ಕಾಣದಷ್ಟು. ಹಿಂದಕ್ಕೂ ಮುಂದಕ್ಕೂ ಎರಡು ಬಾರಿ ಶೋಧಿಸಿ ಈ ಜಾರುವಿಕೆಯನ್ನು ಸರಿದೂಗಿಸುವ ಡಿಜಿಟಲ್ ಫಿಲ್ಟರುಗಳಿವೆ, ಅಂಥವಿದ್ದರೆ 0.67 ಹರ್ಟ್ಜ್‌ವರೆಗೂ ಒಪ್ಪಬಹುದೆಂದು ಅದೇ ಶಿಫಾರಸು ಹೇಳುತ್ತದೆ. ಆದ್ದರಿಂದ ಮಾರುವವರನ್ನು ‘ಫಿಲ್ಟರ್ ಇದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಬಗೆ, ಎಷ್ಟು ಹರ್ಟ್ಜ್, ಕರೆಂಟ್ ಹೋಗಿ ಬಂದಾಗ ತಾನಾಗಿ ಯಾವ ಸೆಟ್ಟಿಂಗಿಗೆ ಮರಳುತ್ತದೆ ಎಂದು ಕೇಳಬೇಕು.

ಮೇಲಿನ ಮಿತಿಯನ್ನು 40ಕ್ಕೆ ಇಳಿಸಿದರೆ ಸ್ನಾಯುವಿನ ನಡುಕ ಅಳಿಯುತ್ತದೆ ನಿಜ, ಜೊತೆಗೆ ಆರ್ ಅಲೆಯ ತುದಿಯೂ ಸವೆಯುತ್ತದೆ. ರೋಗಿಗೆ ಚಳಿಯಾಗುತ್ತಿದ್ದರೆ ಫ್ಯಾನ್ ಆರಿಸಿ ಹೊದಿಸುವುದೇ ಒಳ್ಳೆಯ ಫಿಲ್ಟರ್. 50 ಹರ್ಟ್ಜ್ ಒಂದನ್ನೇ ಕತ್ತರಿಸುವ ನಾಚ್ ಫಿಲ್ಟರಿಗೆ ಬೇರೆ ತೊಂದರೆ. ಗ್ರಿಡ್‌ನ ಆವರ್ತನ 49.90ರಿಂದ 50.05ರೊಳಗೆ ಇರಬೇಕೆಂಬ ನಿಯಮವಿದೆ. ಹಳೆಯ ಡೀಸೆಲ್ ಜನರೇಟರಿಗೆ ಅಂಥ ಶಿಸ್ತಿಲ್ಲ, ಹೊರೆ ಕಡಿಮೆಯಿದ್ದಾಗ 51, 52 ಹರ್ಟ್ಜ್‌ಗೂ ಏರುತ್ತದೆ. ಕಿರಿದಾದ ನಾಚ್ ಅದನ್ನು ಹಿಡಿಯುವುದಿಲ್ಲ. ಹಿಡಿಯಲೆಂದು ಅಗಲ ಮಾಡಿದರೆ ಕ್ಯೂಆರ್‌ಎಸ್‌ನ ತುಣುಕೂ ಹೋಗುತ್ತದೆ, ತೀರಾ ಕಿರಿದು ಮಾಡಿದರೆ ಕ್ಯೂಆರ್‌ಎಸ್ ಮುಗಿದ ಮೇಲೂ ಸಣ್ಣ ಅಲೆಗಳು ಎಸ್‌ಟಿಯುದ್ದಕ್ಕೂ ಉಳಿಯುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರವನ್ನು ಪರೀಕ್ಷಿಸುವಾಗ ಒಮ್ಮೆ ಜನರೇಟರ್ ಓಡಿಸಿಯೇ ನೋಡಬೇಕು.

ಇಷ್ಟೆಲ್ಲ ಆದ ಮೇಲೆ ಆ ಇಸಿಜಿ ಸಾಫ್ಟ್‌ವೇರ್‌ಗೆ ತಲುಪುವುದು ಹೇಗೆ? ಎಷ್ಟೋ ಕಡೆ ಮೊಬೈಲಿನಲ್ಲಿ ಫೋಟೊ ತೆಗೆದು, ವಾಟ್ಸ್‌ಆ್ಯಪ್ ಮಾಡಿ. ಎ4 ಹಾಳೆಯ ಉದ್ದ 297 ಮಿ.ಮೀ. ಚಿತ್ರ 1600 ಪಿಕ್ಸೆಲ್‌ಗೆ ಕುಗ್ಗಿದರೆ 1 ಮಿ.ಮೀ.ಗೆ ಐದು ಪಿಕ್ಸೆಲ್ ಚಿಲ್ಲರೆ. ಇಸಿಜಿ ಗೆರೆಯ ದಪ್ಪವೇ ಎರಡು ಮೂರು ಪಿಕ್ಸೆಲ್ ತಿನ್ನುತ್ತದೆ. ಹಾಳೆ ಮಡಿಸಿದ್ದರೆ, ಟ್ಯೂಬ್‌ಲೈಟ್ ನೆರಳು ಬಿದ್ದಿದ್ದರೆ, ಮೊಬೈಲ್ ಓರೆ ಹಿಡಿದಿದ್ದರೆ ಉಳಿದದ್ದೂ ಹೋಯಿತು. ತಜ್ಞ ವೈದ್ಯರ ಕಣ್ಣು ಇದನ್ನು ಒಂದು ಮಟ್ಟಕ್ಕೆ ಸಹಿಸಿಕೊಳ್ಳುತ್ತದೆ. ಅಸಲು ಡಿಜಿಟಲ್ ಸಂಕೇತದ ಮೇಲೆ ಕಲಿತ ಸಾಫ್ಟ್‌ವೇರ್ ಸಹಿಸುವುದಿಲ್ಲ. ಹಾಗೆ ನೋಡಿದರೆ ಫೋಟೊದ ಅಗತ್ಯವೇ ಇಲ್ಲ. ಸೆಕೆಂಡಿಗೆ 500 ಮಾದರಿ, 10 ಸೆಕೆಂಡ್, 12 ಲೀಡ್, ಮಾದರಿಗೆ 2 ಬೈಟ್: ಒಟ್ಟು 1,20,000 ಬೈಟ್. ಒಂದು ಸಾಧಾರಣ ಫೋಟೊಗಿಂತ ಚಿಕ್ಕದು. ನೆಟ್‌ವರ್ಕ್ ಕುಂಟುವ ಊರಿನಿಂದಲೂ ಹೋಗುತ್ತದೆ. ದಿನಕ್ಕೆ ನೂರು ಇಸಿಜಿ ತೆಗೆಯುವ ಆಸ್ಪತ್ರೆಯ ಇಡೀ ವರ್ಷದ ದಾಖಲೆ ನಾಲ್ಕೂವರೆ ಜಿಬಿಯೊಳಗೆ, ಅಗ್ಗದ ಪೆನ್‌ಡ್ರೈವಿನಲ್ಲಿ ಹಿಡಿಯುವಷ್ಟು.

ಈಗ ಸಾಫ್ಟ್‌ವೇರ್. ನಾಡಿಬಡಿತ ಎಣಿಸುವ ಕೆಲಸ ಬಗೆಹರಿದು ನಲವತ್ತು ವರ್ಷವಾಯಿತು. 1985ರಲ್ಲಿ ಪ್ಯಾನ್ ಮತ್ತು ಟಾಂಪ್‌ಕಿನ್ಸ್ ಕೊಟ್ಟ ಕ್ರಮ ಇಂದಿಗೂ ಚಾಲ್ತಿಯಲ್ಲಿದೆ: 5ರಿಂದ 15 ಹರ್ಟ್ಜ್‌ನ ಪಟ್ಟಿ ಮಾತ್ರ ಉಳಿಸಿಕೊಂಡು, ಏರಿಳಿತದ ಇಳಿಜಾರು ತೆಗೆದು, ವರ್ಗ ಮಾಡಿ, 150 ಮಿಲಿಸೆಕೆಂಡ್ ಕಿಟಕಿಯಲ್ಲಿ ಕೂಡಿಸಿ, ಹೊಸ್ತಿಲು ದಾಟಿದ್ದನ್ನು ಬಡಿತವೆಂದು ಎಣಿಸುವುದು, ಒಂದು ಬಡಿತವಾದ 200 ಮಿಲಿಸೆಕೆಂಡಿನೊಳಗೆ ಇನ್ನೊಂದನ್ನು ಒಪ್ಪದಿರುವುದು. ಬಡಿತ ಎಣಿಸಲು ಇದು ಸೊಗಸು. ಆದರೆ 5 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಎಸೆದ ಸಂಕೇತದಲ್ಲಿ ಎಸ್‌ಟಿ ಇರುವುದೇ ಇಲ್ಲ. ಬಡಿತದ ದಾರಿಯೇ ಬೇರೆ, ಎಸ್‌ಟಿ ಅಳೆಯುವ ದಾರಿಯೇ ಬೇರೆ ಇರಬೇಕು. ಕಾಲೇಜು ಪ್ರಾಜೆಕ್ಟುಗಳಲ್ಲಿ ಇವೆರಡನ್ನೂ ಬೆರೆಸುವುದು ಮಾಮೂಲು. ಮಾರಾಟದ ಯಂತ್ರದಲ್ಲಿ ಬೆರೆಸಿಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು.

‘ಶೇ 99 ನಿಖರ’ ಎಂದೂ ಕೆಲವರು ಹೇಳುವ ಕಥೆಯ ಮೂಲ ಹೆಚ್ಚಾಗಿ ಒಂದೇ ಸಂಗ್ರಹ. ಬಾಸ್ಟನ್ನಿನ ಎಂಐಟಿ-ಬಿಐಎಚ್ ಸಂಗ್ರಹದಲ್ಲಿರುವುದು 47 ಜನರ 48 ದಾಖಲೆ, ತಲಾ ಅರ್ಧ ಗಂಟೆ, ಎರಡೇ ಚಾನೆಲ್, 1970ರ ದಶಕದ್ದು. ಲಕ್ಷಕ್ಕೂ ಹೆಚ್ಚು ಬಡಿತಗಳಿವೆ ಎಂದು ಅವನ್ನು ಇಸ್ಪೀಟಿನಂತೆ ಕಲಸಿ, ಶೇ 80 ಕಲಿಕೆಗೆ, ಶೇ 20 ಪರೀಕ್ಷೆಗೆ ಇಟ್ಟರೆ, ಒಬ್ಬನದೇ ಬಡಿತಗಳು ಎರಡೂ ಕಡೆ ಬೀಳುತ್ತವೆ. ಯಂತ್ರ ಕಲಿತದ್ದು ರೋಗವನ್ನಲ್ಲ, ಆ 47 ಮಂದಿಯ ಗುರುತನ್ನು. 2004ರಲ್ಲಿ ಡಬ್ಲಿನ್ನಿನ ಸಂಶೋಧಕರು ಅದೇ ಸಂಗ್ರಹವನ್ನು ರೋಗಿವಾರು ಬೇರ್ಪಡಿಸಿ, ಕಲಿಕೆಯ ರೋಗಿಗಳು ಪರೀಕ್ಷೆಯಲ್ಲಿ ಬಾರದಂತೆ ನೋಡಿದಾಗ, ಕೆಳಕೋಣೆಯ ಹೆಚ್ಚುವರಿ ಬಡಿತಗಳಲ್ಲಿ ಹಿಡಿದದ್ದು ಶೇ 77.7, ಮೇಲುಕೋಣೆಯ ಕಡೆಯವುಗಳಲ್ಲಿ ಶೇ 75.9. ಆ ಎರಡನೆಯ ಗುಂಪೆಂದು ಯಂತ್ರ ಹೇಳಿದ್ದರಲ್ಲಿ ನಿಜವಾಗಿದ್ದು ಶೇ 38.5 ಮಾತ್ರ. ಆಮೇಲೆ ವಿಧಾನಗಳು ಸುಧಾರಿಸಿವೆ. ಆದರೂ ‘ರೋಗಿವಾರು ಬೇರ್ಪಡಿಸಿ ಪರೀಕ್ಷಿಸಿದ್ದೀರಾ’ ಎಂಬುದು ಮಾರಾಟಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆಯಾಗಿಯೇ ಉಳಿದಿದೆ.

ಇನ್ನೊಂದು ಜನಪ್ರಿಯ ಸಂಗ್ರಹ ಪಿಟಿಬಿ-ಎಕ್ಸ್‌ಎಲ್. 18,869 ಜನರ 21,799 ಇಸಿಜಿ. ಒಳ್ಳೆಯ ಕೆಲಸ, ಎಲ್ಲರಿಗೂ ಮುಕ್ತ. ಆದರೆ 1989ರಿಂದ 1996ರ ನಡುವೆ, ಒಂದೇ ಕಂಪನಿಯ ಯಂತ್ರಗಳಲ್ಲಿ, ಜರ್ಮನಿಯಲ್ಲಿ ತೆಗೆದದ್ದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸು ಉಳಿದವರಿಗಿಂತ ಐದಾರು ವರ್ಷ ಕಡಿಮೆ ಎಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿತ್ತು: ಸರಾಸರಿ ವಯಸ್ಸು 53, ಬೇರೆಡೆ 58.8. ಅಂದರೆ ನಮ್ಮಲ್ಲಿ ಎದೆನೋವಿನ ಸಾಲಿನಲ್ಲಿ ಯುವಕರು ಹೆಚ್ಚು. ಆರೋಗ್ಯವಂತ ಯುವಕರಲ್ಲೇ ಎಸ್‌ಟಿ ಸಹಜವಾಗಿ ಒಂದಿಷ್ಟು ಎದ್ದಿರುವುದೂ ಹೆಚ್ಚು. ಮೇಲೆ ಹೇಳಿದ 2.5 ಮಿ.ಮೀ. ಮಿತಿ ಬಂದದ್ದು ಅದಕ್ಕೇ. ವಯಸ್ಸು, ಲಿಂಗ ನಮೂದಿಸದೆ ತೆಗೆದ ಇಸಿಜಿಗೆ ಯಂತ್ರ ಯಾವ ಮಿತಿ ಹಾಕುತ್ತದೆ? ತುರ್ತಿನಲ್ಲಿ ಆ ಎರಡು ಖಾನೆ ಖಾಲಿ ಬಿಡುವುದು ತೀರಾ ಸಹಜ.

ನಿಖರತೆಯ ಅಂಕಿಯನ್ನೇ ನಂಬಿದರೂ ಅದು ಎಲ್ಲಿ ಬಳಸುತ್ತೀರಿ ಎಂಬುದರ ಮೇಲೆ ಬದಲಾಗುತ್ತದೆ. ರೋಗವಿದ್ದವರಲ್ಲಿ ಶೇ 95 ಹಿಡಿಯುವ, ಇಲ್ಲದವರಲ್ಲಿ ಶೇ 95 ಸರಿಯಾಗಿ ಬಿಡುವ ಯಂತ್ರವೊಂದಿದೆ ಎನ್ನಿ. ತೀವ್ರ ಎದೆನೋವಿನಿಂದ ಬಂದ 10,000 ಜನರಲ್ಲಿ 3,000 ಮಂದಿಗೆ ಹೃದಯಾಘಾತವಿದ್ದರೆ ಅದು 2,850 ಮಂದಿಯನ್ನು ಹಿಡಿದು, 350 ಮಂದಿಗೆ ಸುಳ್ಳೇ ಹೆದರಿಸುತ್ತದೆ. ‘ಹೌದು’ ಎಂದ ಹತ್ತರಲ್ಲಿ ಸುಮಾರು ಒಂಬತ್ತು ನಿಜ. ಅದೇ ಯಂತ್ರವನ್ನು ತಪಾಸಣಾ ಶಿಬಿರಕ್ಕೆ ಒಯ್ದರೆ, ಅಲ್ಲಿ 10,000ದಲ್ಲಿ ಹೆಚ್ಚೆಂದರೆ 100 ಮಂದಿಗೆ ರೋಗವಿದೆ ಎಂದುಕೊಂಡರೂ, 95 ನಿಜ ಎಚ್ಚರಿಕೆಗೆ 495 ಸುಳ್ಳು. ಆರರಲ್ಲಿ ಐದು ಸುಳ್ಳು! 2025ರ ಮಳೆಗಾಲದಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿಗೆ ಹೆದರಿ ಜನ ಹೃದಯ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ನಿಂತರಲ್ಲ, ಅಂಥ ಸಾಲಿಗೆ ಎಐ ಇಸಿಜಿ ಹಿಡಿದು ನಿಂತರೆ ಆಗುವುದು ಇದೇ. ಜೊತೆಗೆ, ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ರಕ್ತನಾಳದ ಬ್ಲಾಕೇಜನ್ನು ಎಷ್ಟೋ ಸಲ ತೋರಿಸುವುದೂ ಇಲ್ಲ. ‘ಇಸಿಜಿ ನಾರ್ಮಲ್’ ಎಂಬ ಚೀಟಿ ಜೇಬಿನಲ್ಲಿಟ್ಟುಕೊಂಡು ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳುವುದು ಇನ್ನೂ ಅಪಾಯ. ಹೃದಯಾಘಾತದ ಶುರುವಿನಲ್ಲೂ ಇಸಿಜಿ ಸರಿಯಾಗಿಯೇ ಕಾಣಬಹುದು. ನೋವು ನಿಲ್ಲದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಏರುವ ಪ್ರೋಟೀನ್) ನೋಡಬೇಕು. ಹೃದಯದ ಹಿಂಭಾಗದ ಆಘಾತ ಬೆನ್ನಿನ ಕಡೆ ವಿ7ರಿಂದ ವಿ9 ಹಾಕದೆ ತಪ್ಪಿಸಿಕೊಳ್ಳಬಹುದು. ಹನ್ನೆರಡು ಲೀಡ್ ಮಾತ್ರ ಓದುವ ಯಂತ್ರಕ್ಕೆ ಅವನ್ನು ಕೇಳುವ ಬುದ್ಧಿ ಇರಬೇಕು.

ಸುಳ್ಳು ಎಚ್ಚರಿಕೆಯಿಂದ ಏನು ಮಹಾ ನಷ್ಟ ಎನ್ನುವಂತಿಲ್ಲ. ಟೆನೆಕ್ಟೆಪ್ಲೇಸ್ ರಕ್ತ ಹೆಪ್ಪನ್ನು ಎಲ್ಲಿದ್ದರೂ ಕರಗಿಸುತ್ತದೆ. ದೊಡ್ಡ ಪರೀಕ್ಷೆಯೊಂದರಲ್ಲಿ ಇದನ್ನು ಪಡೆದವರಲ್ಲಿ ಶೇ 0.93 ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು, ಹೆಚ್ಚುಕಡಿಮೆ ನೂರಕ್ಕೊಬ್ಬರು. ಹೃದಯಾಘಾತ ಇದ್ದವರಿಗೆ ಈ ಅಪಾಯವನ್ನು ಮೀರಿಸುವ ಲಾಭವಿದೆ, ಇಲ್ಲದವರಿಗೆ ಬರೀ ಅಪಾಯ. ಪ್ರಮಾಣವೂ ತೂಕದ ಮೇಲೆ: 60 ಕಿಲೋಗಿಂತ ಕಡಿಮೆಯವರಿಗೆ 30 ಮಿ.ಗ್ರಾಂ., 90 ಮತ್ತು ಮೇಲ್ಪಟ್ಟವರಿಗೆ 50. ಹಾಸಿಗೆಯ ಪಕ್ಕ ತೂಕದ ಯಂತ್ರವಿಲ್ಲದೆ ಅಂದಾಜಿನಲ್ಲಿ ತುಂಬುವ ಕಡೆ, ಎಐ ಉಳಿಸಿಕೊಟ್ಟ ಐದು ನಿಮಿಷದ ಲಾಭ ಅಲ್ಲೇ ಸೋರಿಹೋಗುತ್ತದೆ.

ಬೇರೆಡೆ ಆದದ್ದನ್ನೂ ನೋಡಿ ಕಲಿಯಬಹುದು. ಅಮೆರಿಕದ ನೂರಾರು ಆಸ್ಪತ್ರೆಗಳು ಬಳಸುತ್ತಿದ್ದ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ಎಚ್ಚರಿಕೆಯ ಸಾಫ್ಟ್‌ವೇರೊಂದನ್ನು ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಅದು ಹಿಡಿದದ್ದು ಶೇ 33 ಮಾತ್ರ. ಹಾಗಿದ್ದೂ ದಾಖಲಾದವರಲ್ಲಿ ಶೇ 18 ಮಂದಿಯ ಮೇಲೆ ಗಂಟೆ ಬಾರಿಸುತ್ತಿತ್ತು. ಗೂಗಲ್‌ನ ಕಣ್ಣಿನ ಪರದೆ ಓದುವ ಎಐ ಪ್ರಯೋಗಾಲಯದಲ್ಲಿ ತಜ್ಞರಿಗೆ ಸಮ. ಅದನ್ನು ಥಾಯ್ಲೆಂಡಿನ ಕ್ಲಿನಿಕ್ಕುಗಳಿಗೆ ಒಯ್ದಾಗ 1,838 ಚಿತ್ರಗಳಲ್ಲಿ ಶೇ 21ನ್ನು ‘ಗುಣಮಟ್ಟ ಸಾಲದು’ ಎಂದು ತಿರಸ್ಕರಿಸಿತು. ಕತ್ತಲು ಮಾಡಲಾಗದ ಕೋಣೆ, ನಿಧಾನ ಇಂಟರ್‌ನೆಟ್, ಸಾಲುಗಟ್ಟಿದ ರೋಗಿಗಳು. ನಮ್ಮ ದೃಷ್ಟಿಯಲ್ಲಿ ಇದು ಆ ಯಂತ್ರದ ಸೋಲಲ್ಲ. ಓದಲಾಗದ್ದನ್ನು ಓದಲಾಗದು ಎಂದಿತು. ಇಸಿಜಿ ಯಂತ್ರಗಳಿಂದಲೂ ನಮಗೆ ಬೇಕಾದ್ದು ‘ಹೌದು’, ‘ಇಲ್ಲ’ಗಳ ಜೊತೆಗೆ ಆ ಮೂರನೆಯ ಉತ್ತರ; ‘ವಿ2 ಸರಿಯಾಗಿ ಅಂಟಿಲ್ಲ, ಮತ್ತೆ ತೆಗೆಯಿರಿ’ ಎಂದು ಅಲ್ಲೇ, ರೋಗಿ ಮಂಚದ ಮೇಲಿರುವಾಗಲೇ, ಕನ್ನಡದಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ಕಾನೂನಿನ ಬಲ ಇಲ್ಲದಿಲ್ಲ. 2020ರ ಏಪ್ರಿಲ್‌ನಿಂದ ರೋಗ ಪತ್ತೆಯ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುತ್ತದೆ, 2017ರ ನಿಯಮಗಳು ಅದಕ್ಕೂ ಅನ್ವಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಎಐ ಬಳಕೆಗೆ ನೈತಿಕ ಮಾರ್ಗಸೂಚಿ ಕೊಟ್ಟಿದೆ. ಆದರೆ ಪರವಾನಗಿ ಹೇಳುವುದು ಯಂತ್ರ ಒಮ್ಮೆ ಪಾಸಾಗಿದೆ ಎಂದಷ್ಟೇ. ನಮ್ಮ ಆಸ್ಪತ್ರೆಯ ಕೇಬಲ್, ಜನರೇಟರ್, ಪಾಳಿಯ ಸಿಬ್ಬಂದಿಯ ಕೈಯಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದು ಖರೀದಿಯ ಷರತ್ತಿನಲ್ಲೇ ಬರಬೇಕು.

ಆದ್ದರಿಂದ ಆರೋಗ್ಯ ಇಲಾಖೆ ಮುಂದೆ ಕರೆಯುವ ಟೆಂಡರುಗಳಲ್ಲಿ ಇವಿಷ್ಟು ಸೇರಲಿ. ಯಂತ್ರವನ್ನು ಮೊದಲ ಮೂರು ತಿಂಗಳು ಮೌನವಾಗಿ ಓಡಿಸಬೇಕು: ಅದು ಉತ್ತರ ಬರೆದಿಡಲಿ, ವೈದ್ಯರಿಗೆ ತೋರಿಸದಿರಲಿ. ಆಮೇಲೆ ಆ ಉತ್ತರಗಳನ್ನು ಇನ್ನೊಂದು ಯಂತ್ರದ ಜೊತೆಗಲ್ಲ, ಅದೇ ರೋಗಿಗಳ ಆಂಜಿಯೋಗ್ರಾಂ ಮತ್ತು ಟ್ರೋಪೋನಿನ್ ಜೊತೆ ಹೋಲಿಸಬೇಕು. ತಪ್ಪಿಸಿಕೊಂಡವು ಎಷ್ಟು, ಸುಳ್ಳು ಎಷ್ಟು, ಓದದೆ ಬಿಟ್ಟವು ಎಷ್ಟು ಎಂದು ಗಂಡಸು, ಹೆಂಗಸು, 40ರ ಒಳಗಿನವರು ಎಂದು ಬಿಡಿಸಿ ಪ್ರಕಟಿಸಬೇಕು. ಯಂತ್ರ ‘ಶೇ 80 ಸಾಧ್ಯತೆ’ ಎಂದ ನೂರು ಮಂದಿಯಲ್ಲಿ ನಿಜಕ್ಕೂ ಎಂಬತ್ತು ಮಂದಿಗೆ ರೋಗವಿತ್ತೇ ಎಂದು ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಆ ಶೇಕಡಾವಾರು ಬರೀ ಅಲಂಕಾರ. ಸಾಫ್ಟ್‌ವೇರ್ ಆವೃತ್ತಿ ಬದಲಾದಾಗ ಹಳೆಯ ಇಸಿಜಿಗಳನ್ನೇ ಮತ್ತೆ ಓದಿಸಿ ಎಷ್ಟು ಉತ್ತರ ತಿರುಗಿಬಿದ್ದವು ಎಂದು ತೋರಿಸುವುದು ಕಂಪನಿಯ ಹೊಣೆಯಾಗಲಿ. ಅದಕ್ಕಾಗಿ ಅಸಲು ಸಂಕೇತದ ಕಡತ ಆಸ್ಪತ್ರೆಯ ಬಳಿಯೇ, ಎಲ್ಲರೂ ತೆರೆಯಬಲ್ಲ ರೂಪದಲ್ಲಿ ಇರಬೇಕು. ಕಂಪನಿಯ ಸರ್ವರಿನಲ್ಲಿ ಮಾತ್ರ ಇದ್ದರೆ ಕರಾರು ಮುಗಿದ ದಿನ ಸಾಕ್ಷ್ಯವೂ ಹೋಗುತ್ತದೆ.

ಕೊನೆಯದು, ಎಲ್ಲಕ್ಕಿಂತ ಅಗ್ಗದ್ದು. ವಾರ್ಷಿಕ ನಿರ್ವಹಣಾ ಕರಾರುಗಳಲ್ಲಿ ಕೇಬಲ್, ಕ್ಲಿಪ್, ಬಲ್ಬ್‌ಗಳನ್ನು ಸಾಮಾನ್ಯವಾಗಿ ‘ಬಳಸಿ ಮುಗಿಯುವ ವಸ್ತು’ ಎಂದು ಹೊರಗಿಡುತ್ತಾರೆ. ಹತ್ತು ತಂತಿಯ ಒಂದು ಕೇಬಲ್ ಯಾವಾಗಲೂ ಹೆಚ್ಚುವರಿಯಾಗಿ ಕಪಾಟಿನಲ್ಲಿರುವಂತೆ, ಪ್ರತಿ ಜಿಲ್ಲೆಗೊಂದು ಇಸಿಜಿ ಸಿಮ್ಯುಲೇಟರ್ ಇಟ್ಟು ಮೂರು ತಿಂಗಳಿಗೊಮ್ಮೆ ಪ್ರತಿ ಯಂತ್ರಕ್ಕೂ ಗೊತ್ತಿರುವ 1 ಮಿಲಿವೋಲ್ಟ್ ಕೊಟ್ಟು ಕಾಗದದ ಮೇಲೆ 10 ಮಿ.ಮೀ. ಬರುತ್ತದೆಯೇ, ಗೊತ್ತಿರುವ 2 ಮಿ.ಮೀ. ಎಸ್‌ಟಿ ಏರಿಕೆ ಕೊಟ್ಟರೆ ಎಐ ಹಿಡಿಯುತ್ತದೆಯೇ ಎಂದು ನೋಡಿ ಯಂತ್ರದ ಮೇಲೆಯೇ ತಾರೀಖಿನ ಚೀಟಿ ಅಂಟಿಸುವಂತೆ ಕರಾರಿನಲ್ಲಿ ಬರೆಸಬೇಕೆಂದು ಇಲಾಖೆಯನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ.

– ಬಯೋಮೆಡಿಕಲ್ ಎಂಜಿನಿಯರುಗಳು, ದಾವಣಗೆರೆ